ಮಾಲ್ಟಾದಲ್ಲಿ ನಾನು ನಿಲ್ಲಿಸಿದ ಆನೆ

ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎಂಬುದು ನನ್ನ ಅಭಿಪ್ರಾಯ! ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸೋಮವಾರ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಪಾಠ ನೋಡಿ ಒಪ್ಪಿದರೆ ಕಾಯಂ. ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ಇಂಡಿ ಊರಿನ ಮಾವನ ಮನೆಗೆ!

ಬೇರೆ ಮಾಸ್ತರರು ಮಳೆ, ಮಣ್ಣು ಅಂತ ಪಾಠ ಮಾಡುತ್ತಾರೆ. ನಾನು ಅಷ್ಟಕ್ಕೇ ಬಿಡುವವನೇ? ಹಳೆಯ ವಾರ್ಷಿಕ ಪುಸ್ತಕವೊಂದರಲ್ಲಿ ಮಾಲ್ಟಾ, ಟೋಂಗಾ ಎಂಬ ಎರಡು ಪುಟ್ಟ ದ್ವೀಪ ದೇಶಗಳ ಗಟ್ಟಿ ಕಟ್ಟಿಗೆಯ 'ಆಮದು ಮೌಲ್ಯ' ಸಿಕ್ಕಿತು. ನಮ್ಮ ಕಡೆ ಆಮದಾನಿ ಎಂದರೆ ಗಳಿಕೆ. ಆಮದು ಅದರ ತಮ್ಮನೇ ಇರಬೇಕೆಂದು ತೀರ್ಮಾನಿಸಿದೆ. ಆಮದು ಹೆಚ್ಚಿದ್ದಲ್ಲಿ ಕಾಡು ಹೆಚ್ಚು! ದೊಡ್ಡ ಹಾಳೆಯ ಮೇಲೆ ಮಾಲ್ಟಾಕ್ಕೆ ಸಾಲು ದಿಮ್ಮಿ ಬರೆದೆ, ಟೋಂಗಾಕ್ಕೆ ಎರಡು. ಜಾಗ ಉಳಿದಿತ್ತು. ಮಾಲ್ಟಾದಲ್ಲಿ ಒಂದು ಆನೆಯನ್ನೂ ನಿಲ್ಲಿಸಿದೆ.

"ಏನ್ರಿ, ಒಲಿಗೆ ಕಟ್ಟಿಗಿ ತೀರ್ಯಾವ," ಎಂದಳು ಹೆಂಡತಿ ಗಂಗವ್ವ.

"ಎರಡು ದೇಶದ ಕಟ್ಟಿಗಿ ನನ್ನ ಕೈಯಾಗ ಐತಿ. ನಿನ್ನ ಒಲಿ ಆಮ್ಯಾಲ ನೋಡೂಣು!"

ವಾರವಿಡೀ ವರ್ಗಕ್ಕೆ ತಾಲೀಮು ಕೊಟ್ಟೆ. ನಾನು "ಟೋಂಗಾ" ಎಂದ ಕೂಡಲೆ ಎಲ್ಲರೂ ಒಕ್ಕೊರಲಿನಿಂದ "ಎರಡು ದಿಮ್ಮಿ!" ಎನ್ನಬೇಕು.

ಸೋಮವಾರ ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ನಾನು ಕೋಲು ಹಿಡಿದು ಮಾಲ್ಟಾದ ದಟ್ಟ ಅರಣ್ಯವನ್ನು ವರ್ಣಿಸಿದೆ. ಹೆಡ್‌ಮಾಸ್ತರರು ಕೆಮ್ಮಿದರು. ಮೆಚ್ಚಿದರೆಂದು ತಿಳಿದು ಆನೆಯ ಮೇಲೂ ಎರಡು ಮಾತು ಹೇಳಿದೆ. ಅವರು ಇನ್ನೂ ಜೋರಾಗಿ ಕೆಮ್ಮಿದರು.

ಸಾಹೇಬರು ಎದ್ದರು. "ಮಾಸ್ತರ, ಆಮದು ಅಂದ್ರ ಏನ್ರಿ?"

"ಆಮದಾನಿ ರೀ ಸಾಹೇಬ್ರ! ಅಲ್ಲೇ ಬೆಳೆದದ್ದು!"

"ಹೌದ? ನಿಮ್ಮ ಊರಿನ ಕಟ್ಟಿಗಿ ಅಡ್ಡ್ಯಾಗ ಸಾಗವಾನಿ ದಾಂಡೇಲಿಯಿಂದ ತರಸ್ತಾರ. ಹಂಗಾದ್ರ ಸಿಂದಗ್ಯಾಗ ಸಾಗವಾನಿ ಕಾಡ ಎಲ್ಲೈತ್ರಿ?"

ಕಿಟಕಿಯಿಂದ ಹೊರಗೆ ನೋಡಿದೆ. ಒಂದು ಜಾಲಿ ಗಿಡ, ಅದರ ಕೆಳಗೆ ಒಂದು ಆಡು. ಆಮದು ಎಂದರೆ ಹೊರಗಿನಿಂದ ತರಿಸುವುದು! ತರಿಸುವವನ ಹತ್ತಿರ ಕಾಡು ಎಲ್ಲಿರುತ್ತದೆ? ಕಣ್ಣ ಮುಂದೆ ಮಾವನವರ ಮುಖ ಬಂತು.

ಅಷ್ಟರಲ್ಲಿ ಜವಾನ ಬಾಗಿಲಲ್ಲಿ ನಿಂತು ಕೂಗಿದ: "ಸಾಹೇಬ್ರ, ಟಾಂಗಾ ಬಂದೈತ್ರಿ!"

"ಎರಡು ದಿಮ್ಮಿ!" ಎಂದು ಇಡೀ ವರ್ಗ ಗರ್ಜಿಸಿತು.

ಹೊರಗೆ ಟಾಂಗಾದ ಕುದುರೆ ಬೆಚ್ಚಿ ಕೆನೆಯಿತು. ಸಾಹೇಬರು ಮೊದಲು ದಿಕ್ಕು ತೋಚದೆ ನಿಂತರು, ಆಮೇಲೆ ಹಾಳೆ ನೋಡಿದರು, ಆಮೇಲೆ ಬೆಂಚು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಹುಡುಗ್ರ ತಯಾರಿ ಭಾಳ ಛಲೋ ಐತ್ರಿ," ಎಂದು ಹೆಡ್‌ಮಾಸ್ತರರಿಗೆ ಹೇಳಿದರು. "ಇವರನ್ನ ಕಾಯಂ ಮಾಡ್ರಿ. ಆನಿ ಅಷ್ಟ ಅಳಸ್ರಿ."

ನನಗೆ ಹೋದ ಜೀವ ಬಂದಂತಾಯಿತು. ಆನೆಯನ್ನು ಅಲ್ಲೇ ಅಳಿಸಿ, ಹಗುರಾಗಿ ಮನೆಗೆ ಓಡಿದೆ. "ಗಂಗವ್ವಾ, ಕಾಯಂ ಆತು!"

ಅವಳ ಮುಖ ಅರಳಿತು. ಕಣ್ಣೊರೆಸಿಕೊಂಡು ದೇವರಿಗೆ ಕೈಮುಗಿದಳು. ಆಮೇಲೆ ಹಗ್ಗ ತಂದು ನನ್ನ ಕೈಗಿಟ್ಟಳು.

"ಸೀರಾ ಮಾಡ್ತೇನ್ರಿ. ಮೊದಲ ಕಟ್ಟಿಗಿ ತರ್ರಿ."

ಕಾಯಂ ಮಾಸ್ತರ ತಲೆಯ ಮೇಲೆ ಎರಡು ದಿಮ್ಮಿಯ ಹೊರೆ ಹೊತ್ತು ಬಜಾರದ ನಡುವೆ ಬಂದ. ಎದುರಿಗೆ ಸಿಕ್ಕ ನನ್ನ ವರ್ಗದ ಹುಡುಗರು ನಮಸ್ಕಾರ ಮಾಡಲಿಲ್ಲ. ಹೊರೆ ನೋಡಿ ಒಕ್ಕೊರಲಿನಿಂದ ಕೂಗಿದರು:

"ಟೋಂಗಾ!"