ಗಾಗಲ್ ಅಂಗಡಿಯ ಕಾರ್ಡಿನಲ್ಲಿ ಅಡಗಿ ಹಾರುವ ವಿಮಾನಕ್ಕೆ

ವಾಶಿಯ ಮಾಲ್ ಒಂದರ ಎರಡನೇ ಮಹಡಿಯ ಗಾಗಲ್ ಅಂಗಡಿಯಲ್ಲಿ, ಗಾಜಿನ ಕೌಂಟರಿನ ಮೇಲೆ, ಅಂಗೈಯಗಲದ ನೀಲಿ ಕಾರ್ಡಿನೊಳಗೆ ಸದಾ ಹಾರಾಟನಿರತರಾಗಿರುವ ವಿಮಾನ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಇಂಧನವಿಲ್ಲದೆ, ಪೈಲಟ್ ಇಲ್ಲದೆ, ಒಂದು ನಿಮಿಷವೂ ತಡವಾಗದೆ ಹಾರುತ್ತಿರುವ ತಮಗೆ ಮುಂಬಯಿ ಬಳಿಯ ಕಳವಾ ಎಂಬ ಊರಿನ ಎರಡು ಕೋಣೆಯ ನಮ್ಮ ಮನೆಯಿಂದ ನಾಲ್ಕು ಜನರ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ನೆಲಕ್ಕೆ ಇಳಿಯುವ ತಾಪತ್ರಯವೇ ಇಲ್ಲದ ವಿಮಾನಕ್ಕೆ ಕ್ಷೇಮವಲ್ಲದೆ ಇನ್ನೇನಿರಲು ಸಾಧ್ಯ? ಇಂದು ನಾವೂ ಕ್ಷೇಮ. ಮೊನ್ನೆ ಭಾನುವಾರ ಮಾತ್ರ ಇರಲಿಲ್ಲ, ಮತ್ತು ಅದಕ್ಕೆ ಕಾರಣ ತಾವೇ ಎಂಬುದನ್ನು ಅತ್ಯಂತ ವಿನಯದಿಂದ, ಆದರೆ ಊರಿಗೆಲ್ಲ ಕೇಳುವ ಹಾಗೆ, ತಮ್ಮ ಗಮನಕ್ಕೆ ತರಲು ಈ ಪತ್ರ.

ತಮ್ಮನ್ನು ಅರಿಯದ ಓದುಗರಿಗಾಗಿ ಮೊದಲು ತಮ್ಮ ಗುಣಗಾನವನ್ನು ಮಾಡಿಬಿಡುತ್ತೇನೆ. ಬರಿಗಣ್ಣಿಗೆ ತಾವು ಬರೀ ನೀಲಿ ಆಕಾಶ. ಸಾಧಾರಣ ಕರಿ ಕನ್ನಡಕ ಹಾಕಿದವರಿಗೂ ಬರೀ ಆಕಾಶ, ಸ್ವಲ್ಪ ಮೋಡ ಕವಿದದ್ದು. ಪೋಲರೈಸ್ಡ್ ಎಂಬ ದುಬಾರಿ ಗಾಜು ಕಣ್ಣಿಗೇರಿದವರಿಗೆ ಮಾತ್ರ ತಾವು ರೆಕ್ಕೆ, ಬಾಲ, ಕಿಟಕಿಗಳ ಸಮೇತ ದರ್ಶನ ಕೊಡುತ್ತೀರಿ. ತಾವು ಕಂಡರೆ ಮಾಲು ಒರಿಜಿನಲ್, ಕಾಣದಿದ್ದರೆ ಡೂಪ್ಲಿಕೇಟ್. ಪ್ರಶ್ನೆಪತ್ರಿಕೆ ತಮ್ಮದೇ, ಉತ್ತರ ತಮ್ಮದೇ, ಪಾಸು ಮಾಡುವವರೂ ತಾವೇ, ಪಾಸಾದದ್ದನ್ನು ಮಾರುವವರೂ ತಮ್ಮವರೇ. ಇಷ್ಟು ಸುಸೂತ್ರವಾದ ಆಡಳಿತವನ್ನು ಬೇಲಾಪುರದ ಯಾವ ಸರಕಾರಿ ಕಚೇರಿಯಲ್ಲೂ ನಾನು ಕಂಡಿಲ್ಲ, ಅಲ್ಲಿ ನಾನು ಕಾಣದ ಕಚೇರಿಗಳು ಕಡಿಮೆ.

ಈಗ ದೂರು. ನನ್ನ ಅಕ್ಕ ಪ್ರಣೀತಾ ಪೈಲಟ್ ಆಗುವವಳು. ರೈಲಿನಲ್ಲಿ ಒಂದು ರಾತ್ರಿಯ ದೂರದ ಶಾಲೆಯಲ್ಲಿ ಹಾರುವುದನ್ನು ಕಲಿಯುತ್ತಿದ್ದಾಳೆ. ಈ ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಅವಳ ಲೈಸೆನ್ಸಿನ ಹಾರಾಟ ಪರೀಕ್ಷೆ ಎಂದು ನಿಗದಿಯಾಗಿತ್ತು. ಅಲ್ಲಿನ ರನ್‌ವೇಯಲ್ಲಿ ಬೆಳಿಗ್ಗೆ ಪೂರ್ವಕ್ಕೆ ಮುಖ ಮಾಡಿ ಇಳಿಯಬೇಕು, ಆ ಹೊತ್ತಿಗೆ ಸೂರ್ಯನೂ ಪೂರ್ವದಿಂದಲೇ ಬರುತ್ತಾನೆ, ಇಬ್ಬರೂ ಎದುರಾಬದುರು. ಹಿಂದಿನ ವಾರದ ಅಭ್ಯಾಸದಲ್ಲಿ ಅವಳ ಹಳೆಯ ಗಾಗಲ್‌ನ ದಪ್ಪ ಕಡ್ಡಿ ಕಿವಿಯ ಹೆಡ್‌ಸೆಟ್ಟನ್ನು ಎತ್ತಿಹಿಡಿದು ಇಂಜಿನ್ನಿನ ಸದ್ದನ್ನೆಲ್ಲ ಒಳಗೆ ಬಿಟ್ಟಿತು, ಅದನ್ನು ಕಿತ್ತಿಟ್ಟಳು, ಬಿಸಿಲು ಕಣ್ಣಿಗೆ ಹೊಡೆಯಿತು, ನೆಲ ಎಲ್ಲಿದೆಯೆಂದು ಕಾಣದೆ ಎರಡು ಸಲ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದಳು. ಅವಳ ಗುರುಗಳಾದ ಕಶ್ಯಪ ಸರ್ ಹೇಳಿದ್ದು ಒಂದೇ ಮಾತು: "ಸೂರ್ಯನನ್ನು ಬದಲಾಯಿಸೋಕೆ ಆಗೋದಿಲ್ಲ, ಗಾಗಲ್ ಬದಲಾಯಿಸು. ಪರೀಕ್ಷೆಯಲ್ಲಿ ಹೀಗಾದರೆ ಮನೆಗೆ ಹೋಗಬೇಕಾಗುತ್ತೆ."

ಪರೀಕ್ಷೆಗೆ ಮುಂಚೆ ಒಂದೇ ಹಗಲು, ಭಾನುವಾರ, ಮನೆಗೆ ಬಂದುಹೋಗುವುದಿತ್ತು. ಅಕ್ಕ ಅಪ್ಪನ ಫೋನಿಗೆ ಬರೆದಳು: ಬೂದು ಬಣ್ಣದ ಗಾಜು, ತೆಳ್ಳಗಿನ ನೇರ ಕಡ್ಡಿ, ಯುವಿ ತಡೆಯುವಂಥದ್ದು, ಸಾಧಾರಣದ್ದು ಸಾಕು, ಪೋಲರೈಸ್ಡ್ ಬೇಡ.

ಮಾನ್ಯರೇ, ತಮ್ಮ ನೀಲಿ ಆಕಾಶದಲ್ಲಿ 'ಬೇಡ' ಎಂಬ ಪದಕ್ಕೆ ಏನರ್ಥವೋ ತಿಳಿಯದು. ನಮ್ಮ ಅಪ್ಪ ತಾರಾನಾಥರು ಡೊಂಬಿವಲಿಯ ಹೋಟೆಲಿನಲ್ಲಿ ಹನ್ನೆರಡು ವರ್ಷ ಬಡಿಸಿ ಆಮೇಲೆ ಗಲ್ಲಾಕ್ಕೆ ಬಡ್ತಿ ಪಡೆದವರು. ಬೇಡ ಎಂದವರ ಬಟ್ಟಲಿಗೆ ಇನ್ನೊಂದು ಸೌಟು ಸಾಂಬಾರು ಹಾಕುವುದೇ ಅವರ ಧರ್ಮ. ಅದಕ್ಕಿಂತ ಹೆಚ್ಚಾಗಿ, ಅಕ್ಕ ಹುಟ್ಟಿದಾಗಿನಿಂದ ಬೇಕಾದದ್ದಕ್ಕೆಲ್ಲ ಬೇಡ ಎಂದವಳು. ಶಾಲೆಯ ಪ್ರವಾಸ ಬೇಡ, ಹೊಸ ಚಪ್ಪಲಿ ಬೇಡ, ಹುಟ್ಟುಹಬ್ಬದ ಕೇಕು ಬೇಡ. ಆದ್ದರಿಂದ ಅಪ್ಪ ಕೊನೆಯ ಸಾಲನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, "ಪಾಪ, ದುಡ್ಡು ಉಳಿಸ್ಲಿಕ್ಕೆ ಹೇಳ್ತಾಳೆ. ಅದೇ ತೆಗೊಳ್ಳುವ" ಎಂದರು.

ಶನಿವಾರ ನಾವು ಮೂವರು ತಮ್ಮ ಸನ್ನಿಧಿಗೆ ಬಂದೆವು. ಮೂರನೆಯವರು ಅಮ್ಮನ ಅಣ್ಣ ಚೆನ್ನಯ ಮಾವ. ವಾಶಿಯ ಹಣ್ಣಿನ ಮಾರ್ಕೆಟಿನಲ್ಲಿ ಹೋಟೆಲುಗಳಿಗೆ ಹಣ್ಣು ಆರಿಸುವುದು ಅವರ ಕೆಲಸ. ಕಲ್ಲಂಗಡಿಯನ್ನು ತಟ್ಟಿ ಒಳಗಿನ ಬಣ್ಣ ಹೇಳಬಲ್ಲವರು, ಹಾಗಾಗಿ ನಮ್ಮಲ್ಲಿ ಫ್ರಿಜ್ಜಿನಿಂದ ಹಿಡಿದು ಅಳಿಯನವರೆಗೆ ಏನನ್ನು ಆರಿಸುವುದಿದ್ದರೂ ಅವರು ಬೇಕು. ಅವರು ಗಾಗಲ್‌ಗಳನ್ನೂ ಒಂದೊಂದಾಗಿ ತಟ್ಟಿ, ಕಿವಿಗೆ ಹಿಡಿದು ನೋಡಿದರು. ಅಂಗಡಿಯವನು ಅದನ್ನು ಸಹಿಸಲಾರದೆ ಒಂದನ್ನು ಅವರ ಮೂಗಿಗೇರಿಸಿ ತಮ್ಮ ಕಾರ್ಡನ್ನು ಮುಂದೆ ಹಿಡಿದ. ಮಾವ ಕೂಗಿದ ಕೂಗಿಗೆ ಪಕ್ಕದ ಐಸ್‌ಕ್ರೀಮ್ ಅಂಗಡಿಯ ಸಾಲು ತಿರುಗಿ ನೋಡಿತು: "ತೂಲೆ ಭಾವ, ವಿಮಾನ ತೋಜುಂಡು!"

ವಿಮಾನ ಕಂಡಿತು! ಪೈಲಟಿನ ಕನ್ನಡಕದಲ್ಲಿ ವಿಮಾನವೇ ಕಂಡಿತು! ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೆ? ಅಪ್ಪನ ಕಣ್ಣು ತುಂಬಿತು. ನಾನಾದರೋ ಚಳವಳಿಯವರು ಸ್ಟೇಷನ್ ಸೇತುವೆಯ ಮೇಲೆ ಹಂಚುವ ಕಿರುಹೊತ್ತಿಗೆಗಳನ್ನು ಓದಿ ತಯಾರಾದವಳು. ಜಾಹೀರಾತನ್ನು ನಂಬಬೇಡಿ, ಮಾರುವವನೇ ಕೊಡುವ ಪುರಾವೆಯನ್ನು ಪ್ರಶ್ನಿಸಿ ಎಂದು ಇತರರಿಗೆ ಇನ್ನೂರು ಸಲ ಹೇಳಿದವಳು. ಅಂಥ ನಾನೂ ತಮ್ಮನ್ನು ಕಂಡೊಡನೆ ಚಪ್ಪಾಳೆ ತಟ್ಟಿದೆ. ಕ್ರಾಂತಿಯನ್ನು ಅಂಗೈಯಗಲದ ರಟ್ಟಿನಿಂದ ಸೋಲಿಸಿದ ತಮ್ಮ ಪರಾಕ್ರಮಕ್ಕೆ ನನ್ನ ಅಭಿನಂದನೆಗಳನ್ನು ಸ್ವೀಕರಿಸಬೇಕು. ಗಾಗಲ್ ಜೊತೆಗೆ ತಮ್ಮದೇ ರೂಪದ ಇನ್ನೊಂದು ಕಾರ್ಡನ್ನೂ ಪೆಟ್ಟಿಗೆಯಲ್ಲಿ ಉಚಿತವಾಗಿ ಇಟ್ಟುಕೊಟ್ಟರು.

ಭಾನುವಾರ ಬೆಳಿಗ್ಗೆ ಅಕ್ಕ ಕಲ್ಯಾಣದಲ್ಲಿ ಇಳಿದು ನೇರ ಡೊಂಬಿವಲಿಯ ಹೋಟೆಲಿಗೆ ಬಂದಳು. ಅಪ್ಪ ಗಲ್ಲಾದಿಂದೆದ್ದು ತಮ್ಮ ಕೈಯಾರೆ ಗಾಗಲ್ ತೊಡಿಸಿದರು. ಅಕ್ಕ ಒಮ್ಮೆ ತನ್ನ ಫೋನನ್ನು ನೋಡಿದಳು, ಅಡ್ಡ ತಿರುಗಿಸಿ ಇನ್ನೊಮ್ಮೆ ನೋಡಿದಳು, ಜೇಬಿಗೆ ಹಾಕಿಕೊಂಡಳು. "ಚೆಂದ ಉಂಟಪ್ಪ" ಎಂದಳು. ಇಷ್ಟೇ. ಆ ಮಾತಿನ ಹಿಂದೆ ಏನೋ ಉಂಟೆಂದು ನನಗನಿಸಿತು, ಆದರೆ ಅವಳು ಹೇಳುವವಳಲ್ಲ. ಅಪ್ಪನ ಮುಖ ನೋಡಿದವರು ಯಾರೂ ಹೇಳುತ್ತಿರಲಿಲ್ಲ. ಅವಳು ಅದನ್ನೇ ತೊಟ್ಟುಕೊಂಡು ಮಂಗಳವಾರದ ವಿಮಾನ ಹತ್ತುತ್ತಿದ್ದಳು, ಅಥವಾ ಅದನ್ನು ಚೀಲದಲ್ಲೇ ಇಟ್ಟು ಬರಿಗಣ್ಣಿನಲ್ಲಿ ಸೂರ್ಯನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು.

ಕಾಪಾಡಿದ್ದು ಗಲ್ಲಾದ ಕ್ಯಾಲ್ಕುಲೇಟರ್. ಅಪ್ಪ ಸಂಭ್ರಮ ತಾಳಲಾರದೆ ಗಾಗಲನ್ನು ತಾವೂ ಒಮ್ಮೆ ಹಾಕಿ ನೋಡಿ, ಅದರಲ್ಲೇ ಗಿರಾಕಿಯೊಬ್ಬರ ಬಿಲ್ ಕೂಡಿಸಲು ತಲೆ ಓರೆ ಮಾಡಿ ಬಗ್ಗಿದರು. "ಎಂತದಿದು? ಲೆಕ್ಕವೇ ಮಾಯ ಆಯ್ತಲ್ಲ ಮಾರಾಯ್ತಿ!"

ಎಷ್ಟಾಯಿತೆಂದು ತಿಳಿಯಲು ಗಿರಾಕಿ ಕಾಯುತ್ತಿದ್ದ. "ಅಣ್ಣಾ, ಕಿತನಾ ಹುವಾ?"

"ದಿಖ್ತಾ ನಹೀ ಭಾಯಿ, ಸಬ್ ಕಾಲಾ ಹೋ ಗಯಾ."

"ತೋ ಫ್ರೀ ಹೈ ಕ್ಯಾ?"

ಕಾಣದಿದ್ದರೆ ಊಟ ಬಿಟ್ಟಿಯೇ ಎಂಬ ಮಾತಿಗೆ ಹೋಟೆಲ್ ನಕ್ಕಿತು, ನಾನೂ ನಕ್ಕೆ, ಅಕ್ಕ ನಗಲಿಲ್ಲ. ಅಪ್ಪ ಗಾಗಲ್ ತೆಗೆದರು, ಲೆಕ್ಕ ಬಂತು, ಹಾಕಿದರು, ಹೋಯಿತು. ಆಮೇಲೆ ಮೆಲ್ಲಗೆ ಕೇಳಿದರು: "ನಿನ್ನ ವಿಮಾನದಲ್ಲೂ ಇಂಥದ್ದುಂಟಾ?"

"ನನ್ನೆದುರು ದೊಡ್ಡ ಪರದೆ ಎರಡು ಉಂಟಪ್ಪ. ಎತ್ತರ, ವೇಗ ಎಲ್ಲ ಅದರಲ್ಲೇ. ಪೋಲರೈಸ್ಡ್ ಗಾಜು ಹಾಕಿ ತಲೆ ತಿರುಗಿಸಿದರೆ ಪರದೆ ಕಪ್ಪು, ಇದೇ ಕಥೆ. ಬೇಡ ಅಂತ ಬರ್ದಿದ್ದೆನಲ್ಲ?"

"ನೀನು ಯಾವುದಕ್ಕೆ ಬೇಡ ಹೇಳ್ಲಿಲ್ಲ ಮಗಾ?"

ತಮ್ಮ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಆ ಕ್ಷಣದಲ್ಲಿ ಮಾನ್ಯರೇ, ಅದನ್ನು ಮುಚ್ಚಿಡುವುದಿಲ್ಲ. ಸಂಜೆ ಆರೂವರೆಗೆ ಕಲ್ಯಾಣದಿಂದ ಅವಳ ರೈಲು. ಅಂಗಡಿಯವರಿಗೆ ಫೋನ್ ಮಾಡಿದರೆ, ರಿಯಾಯಿತಿಯ ಮಾಲು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿಯಿಲ್ಲವೆಂದು ಹಾಡಿನಂಥ ದನಿಯಲ್ಲಿ ಹೇಳಿದರು.

ಆಗ ಅಕ್ಕ ಪೆಟ್ಟಿಗೆಯಿಂದ ತಮ್ಮ ಕಾರ್ಡನ್ನು ಎತ್ತಿಕೊಂಡು, "ನಡಿ ಮಾನಸಿ, ವಿಮಾನ ಕಾಣದ ಗಾಗಲ್ ಹುಡುಕುವ" ಎಂದಳು. ಮಾನ್ಯರೇ, ತಮ್ಮ ಇಡೀ ವೃತ್ತಿಜೀವನದಲ್ಲಿ ಅಂದಿನಷ್ಟು ಪ್ರಾಮಾಣಿಕ ದುಡಿಮೆಯನ್ನು ತಾವು ಮಾಡಿರಲಾರಿರಿ. ಡೊಂಬಿವಲಿಯ ಫಡಕೆ ರಸ್ತೆಯಿಂದ ಠಾಣೆ ಸ್ಟೇಷನ್ನಿನ ಗಲ್ಲಿಗಳವರೆಗೆ ಅಂಗಡಿ ಅಂಗಡಿಯಲ್ಲಿ ತಮ್ಮನ್ನು ಎತ್ತಿ ಹಿಡಿದೆವು. ತಾವು ಕಂಡರೆ ನಮ್ಮ ಮುಖ ಬಾಡುತ್ತಿತ್ತು, ಕಾಣದಿದ್ದರೆ ಅರಳುತ್ತಿತ್ತು. ಒಬ್ಬ ಅಂಗಡಿಯವರಂತೂ ಹಣೆ ಚಚ್ಚಿಕೊಂಡರು: "ಅರೇ ತಾಯೀ, ಇದರಲ್ಲಿ ವಿಮಾನ ದಿಸತ್ ನಾಹಿ, ಡೂಪ್ಲಿಕೇಟ್ ಮಾಲು!" "ಹೌದಾ? ಪ್ಯಾಕ್ ಮಾಡಿ" ಎಂದು ನಾನು ಹಾರಿದೆ, ಕಡ್ಡಿ ದಪ್ಪ ಎಂದು ಅಕ್ಕ ನನ್ನನ್ನು ಹಿಡಿದು ಇಳಿಸಿದಳು. ಎಲ್ಲೋ ಗಾಜು ಸರಿಯಿದ್ದರೆ ಬಣ್ಣ ನೀಲಿ, ಬಣ್ಣ ಸರಿಯಿದ್ದರೆ ಯುವಿ ತಡೆಯುವ ಭರವಸೆಯಿಲ್ಲ. ಕಪ್ಪಗಿದ್ದ ಮಾತ್ರಕ್ಕೆ ಯುವಿ ತಡೆಯುವುದಿಲ್ಲವೆಂಬುದನ್ನು ಅಕ್ಕನಿಂದ ಆ ದಿನ ಕಲಿತೆ, ಅದನ್ನೀಗ ಯಾರಾದರೂ ಕಿರುಹೊತ್ತಿಗೆ ಮಾಡಿ ಸೇತುವೆಯ ಮೇಲೆ ಹಂಚಬೇಕು.

ನಾಲ್ಕು ಗಂಟೆಗೆ ಕಳವಾಕ್ಕೆ ಬಂದಿಳಿದಾಗ ನನ್ನ ಘೋಷಣೆಗಳೆಲ್ಲ ಮುಗಿದಿದ್ದವು. ಉಳಿದದ್ದು ನಮ್ಮದೇ ಓಣಿಯ ವಾರಿಜಕ್ಕನ ಚಷ್ಮಾ ಅಂಗಡಿ. ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಾದ ಅಂಗಡಿ. ವಾರಿಜಕ್ಕ ಕಥೆಯೆಲ್ಲ ಕೇಳಿ, "ಇಡೀ ಮುಂಬಯಿ ಸುತ್ತಿ ಈಗ ಬಂದದ್ದಾ? ನಾನೇನು ಇಲ್ಲಿ ಚಟ್ನಿ ರುಬ್ಬುದಾ?" ಎಂದು ಬೈದು, ತೆಳ್ಳಗಿನ ತಂತಿಯ ಫ್ರೇಮೊಂದನ್ನು ತೆಗೆದು, ಬೂದು ಬಣ್ಣದ ಸಾದಾ ಗಾಜನ್ನು ಯುವಿ ಅಳೆಯುವ ಪುಟ್ಟ ಯಂತ್ರದಲ್ಲಿಟ್ಟು ತೋರಿಸಿ, ಮುಕ್ಕಾಲು ಗಂಟೆಯಲ್ಲಿ ಅಂಚು ತೀಡಿ ಕೂರಿಸಿಕೊಟ್ಟರು. ತಮ್ಮ ಕಾರ್ಡನ್ನು ನೋಡಿದೆವು: ನೀಲಿ ಆಕಾಶ, ತಮ್ಮ ಸುಳಿವಿಲ್ಲ. ಫೋನನ್ನು ನೋಡಿದೆವು: ಹೇಗೆ ತಿರುಗಿಸಿದರೂ ಬೆಳಕು. ಕ್ರಯ, ನಾವು ಮೂವರು ತಮ್ಮ ಮಾಲಿಗೆ ಬಂದುಹೋದ ರಿಕ್ಷಾದ್ದಕ್ಕಿಂತ ತುಸು ಹೆಚ್ಚು.

ನ್ಯಾಯವಾಗಿ ಹೇಳಬೇಕಾದರೆ ತಮ್ಮ ಗಾಗಲ್ ಕೆಟ್ಟದ್ದಲ್ಲ. ಅಪ್ಪ ಈಗ ಅದನ್ನು ಹಾಕಿಕೊಂಡು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಂಡೆಯಲ್ಲಿ ನಡೆಯುತ್ತಾರೆ, ನೀರಿನ ಮೇಲಿನ ಹೊಳಪು ಸತ್ತು ಒಳಗಿನದೆಲ್ಲ ಕಾಣುತ್ತದಂತೆ. ಮೀನು ಹಿಡಿಯುವವರಿಗೆ ತಾವು ದೇವರು. ಒಂದು ಇಲಾಖೆಯ ದೇವರು ಬೇರೆ ಇಲಾಖೆಯಲ್ಲಿ ಕೂತು ಪೈಲಟರಿಗೆ ವರ ಕೊಡಬಾರದು ಎಂಬುದಷ್ಟೇ ನನ್ನ ವಾದ.

ಆದ್ದರಿಂದ ನನ್ನ ಕೆಲವು ಸಣ್ಣ ಕೋರಿಕೆಗಳನ್ನು ತಾವು ದಯಮಾಡಿ ಈಡೇರಿಸಬೇಕು. ತಾವು ಒಂದೇ ಒಂದು ಸಲ, ಬೆಳಿಗ್ಗೆ ಏಳಕ್ಕೆ, ಪೂರ್ವಕ್ಕೆ ಮುಖ ಮಾಡಿ, ಎಲ್ಲಾದರೂ ಇಳಿದು ತೋರಿಸಬೇಕು. ಕೌಂಟರಿನ ಗಾಜು ಜಾರುವುದಾದರೆ ನಮ್ಮ ಊಟದ ಮೇಜನ್ನು ರನ್‌ವೇಯಾಗಿ ಕೊಡಲು ಅಮ್ಮ ಜಯಲತಾ ಒಪ್ಪಿದ್ದಾರೆ. ತಮ್ಮ ಕಿಟಕಿಗಳಲ್ಲಿ ಕೂತಿರುವ ಪ್ರಯಾಣಿಕರನ್ನು ಇಷ್ಟು ವರ್ಷವಾದರೂ ಇಳಿಸದಿರುವುದಕ್ಕೆ ಕಾರಣ ತಿಳಿಸಬೇಕು. ಇನ್ನು ಮುಂದೆ ಯಾರಾದರೂ ಪೈಲಟ್ ಎಂದೊಡನೆ ತಾವಾಗಿ ಕಾರ್ಡಿನಿಂದ ಹಾರಿಹೋಗಿ, ಅವರು ಕಾಸು ಕೊಟ್ಟು ಹೊರಟ ಮೇಲೆಯೇ ಹಿಂತಿರುಗಬೇಕು. ಮತ್ತು ತಮ್ಮ ಕೆಳಗೆ, ಬರಿಗಣ್ಣಿಗೆ ಕಾಣುವ ಅಕ್ಷರಗಳಲ್ಲಿ, ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ, 'ನಾನು ಕಾಣದಿದ್ದರೂ ನಿಮ್ಮ ಕಣ್ಣಿಗೆ ಏನೂ ಆಗಿಲ್ಲ' ಎಂದು ಬರೆಸಿಕೊಳ್ಳಬೇಕು. ಕಣ್ಣು ಕಾಪಾಡಿಕೊಳ್ಳುವುದು ಮಾಲಿನ ಎರಡನೇ ಮಹಡಿಯವರೆಗೆ ಹತ್ತಿ ಬರಬಲ್ಲವರ ಹಕ್ಕು ಮಾತ್ರ ಅಲ್ಲ. ಅದು ನಮ್ಮ ಓಣಿಗೂ ಸಲ್ಲುತ್ತದೆ.

ಮಂಗಳವಾರ ಬೆಳಿಗ್ಗೆ ಅಪ್ಪ ಗಲ್ಲಾದಲ್ಲಿ ಕೂತು ಒಬ್ಬರಿಗೂ ಸರಿಯಾದ ಚಿಲ್ಲರೆ ಕೊಡಲಿಲ್ಲ. ಎಂಟೂವರೆಗೆ ಅಕ್ಕನ ಸಂದೇಶ ಬಂತು: "ಒಂದೇ ಸಲಕ್ಕೆ ಇಳಿಸಿದೆ. ಪಾಸ್. ಅಪ್ಪನಿಗೆ ಹೇಳು, ಈ ಸಲ ಸ್ವೀಟ್ ಬೇಕು." ಬೇಕು! ಅಪ್ಪ ಆ ಪದವನ್ನು ಹೋಟೆಲಿನ ಗಿರಾಕಿಗಳಿಗೆಲ್ಲ ಓದಿ ಹೇಳಿದರು, ಕನ್ನಡ ಬಾರದವರಿಗೆ ಅನುವಾದ ಮಾಡಿ ಹೇಳಿದರು.

ಯಾವ ಗಾಜಿನಲ್ಲೂ ತಮ್ಮನ್ನು ಕಾಣುವ ಆಸೆಯಿಲ್ಲದ,
ತಮ್ಮ ವಿಶ್ವಾಸಿ,
ಮಾನಸಿ ತಾರಾನಾಥ
ಕಳವಾ

ತಾ.ಕ.: ಪರೀಕ್ಷೆಯುದ್ದಕ್ಕೂ ಪಕ್ಕದಲ್ಲಿ ಕೂತ ಪರೀಕ್ಷಕರು ಕುತ್ತಿಗೆಯನ್ನು ಒಮ್ಮೆ ಆಚೆ, ಒಮ್ಮೆ ಈಚೆ ಓರೆ ಮಾಡುತ್ತಲೇ ಇದ್ದರಂತೆ, ತಾನೇನೋ ತಪ್ಪು ಮಾಡುತ್ತಿದ್ದೇನೆಂದು ಅಕ್ಕ ಬೆವತುಹೋಗಿದ್ದಳು. ಇಳಿದ ಮೇಲೆ ಅವರು ಅವಳ ಗಾಗಲನ್ನು ಕೇಳಿ ಪಡೆದು, ಹಾಕಿಕೊಂಡು, ಪರದೆಯತ್ತ ನೋಡಿ, ವಾರಿಜಕ್ಕನ ವಿಳಾಸ ಬರೆದುಕೊಂಡರು. ಅವರ ಸ್ವಂತ ಗಾಗಲ್ ಬಹಳ ದುಬಾರಿಯದಂತೆ, ಅದರಲ್ಲಿ ತಾವು ಅತ್ಯಂತ ಸ್ಪಷ್ಟವಾಗಿ ಕಾಣುತ್ತೀರಂತೆ.