ಉಪವಾಸ ಹಿಡಿದ ಮೀಡಿಯಂ ಮಾಸ್ಟರು

"ನಾಳೆಯಿಂದ ಈ ಹೊಟ್ಟೆ ಹದಿನಾರು ಗಂಟೆ ಬಾಗಿಲು ಹಾಕಿರುತ್ತೆ!" ಎಂದು ಟೈಲರ್ ಮಾಸ್ಟರು ಕತ್ತರಿ ಎತ್ತಿ ಘೋಷಿಸಿದರು. ಪಕ್ಕದ ಮೆಷಿನ್ನಿನಲ್ಲಿ ಕಾಲರ್ ಕೂರಿಸುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

"ಉಳಿದ ಎಂಟು ಗಂಟೆ?"

"ಆಗ ತಿನ್ನೋದು. ಮಧ್ಯಾಹ್ನ ಒಂದರಿಂದ ರಾತ್ರಿ ಒಂಬತ್ತು. ಮಿಕ್ಕ ಹೊತ್ತು ಬರೀ ನೀರು!"

"ಸರಿ. ಆ ಹದಿನಾರು ಗಂಟೆ ನನ್ನ ತಲೆ ತಿನ್ನೋದೂ ನಿಲ್ಲುತ್ತಾ?"

ಇದಕ್ಕೆಲ್ಲ ಮೂಲ ಮಾಸ್ಟರರ ಷಡ್ಡಕ. ತೊಂಬತ್ತೆಂಟು ಕೆಜಿ ತೂಗುತ್ತಿದ್ದ ಆತ, ಡಾಕ್ಟರು ಹೇಳಿದ್ದಕ್ಕೆ ಈ ಉಪವಾಸ ಹಿಡಿದು ಹನ್ನೆರಡು ಕೆಜಿ ಇಳಿಸಿದ್ದ. ಇಳಿಸಿ ಸುಮ್ಮನಿರಬೇಕೋ ಬೇಡವೋ! ಹಳೆಯ ಪ್ಯಾಂಟುಗಳನ್ನೆಲ್ಲ ಹೊತ್ತು ತಂದು, "ಇವನ್ನ ಚಿಕ್ಕದು ಮಾಡಿಕೊಡ್ರೀ" ಎಂದು ಗಿರಾಕಿಗಳೆದುರು ಕೇಳಿದ. ಮಾಸ್ಟರರಿಗೆ ಹೊಟ್ಟೆಕಿಚ್ಚು ಭುಗಿಲೆದ್ದಿತು. ನಿಜ ಹೇಳಬೇಕೆಂದರೆ ಆ ಹೊಟ್ಟೆಯಲ್ಲಿ ಇಳಿಸಲು ಇದ್ದದ್ದು ಆ ಕಿಚ್ಚೊಂದೇ.

ಅಂಗಿ ಹೊಲಿಸಲು ಬಂದ ಡಾಕ್ಟರೂ ಅದನ್ನೇ ಹೇಳಿದರು. "ನಿಮಗ್ಯಾಕ್ರೀ ಇದು? ಎತ್ತರಕ್ಕೆ ತಕ್ಕ ತೂಕ ಇದೆ, ಸಕ್ಕರೆ ಇಲ್ಲ, ಏನಿಲ್ಲ. ಎಲ್ಲ ಸರಿಯಾಗೇ ಇದೆ."

"ಸರಿಯಾಗಿರೋದನ್ನ ಇನ್ನಷ್ಟು ಸರಿ ಮಾಡೋದ್ರಲ್ಲಿ ತಪ್ಪೇನು ಡಾಕ್ಟ್ರೇ?" ಎಂದರು ಮಾಸ್ಟರು. ಡಾಕ್ಟರು ಅಂಗಿಯ ಅಳತೆ ಕೊಟ್ಟು ಎದ್ದು ಹೋದರು.

ಮಹಾಯಜ್ಞ ಶುರುವಾಯಿತು. ಬೆಳಿಗ್ಗೆ ಹನ್ನೊಂದಕ್ಕೆ ಮಾಸ್ಟರರ ಕಣ್ಣು ಗೋಡೆ ಗಡಿಯಾರಕ್ಕೆ ಅಂಟಿಕೊಂಡರೆ ಒಂದು ಗಂಟೆವರೆಗೆ ಬಿಡುತ್ತಿರಲಿಲ್ಲ. ಒಂದು ಅಂಗಿಗೆ ಎರಡೂ ಕಡೆ ಗುಂಡಿಯನ್ನೇ ಹೊಲಿದು, ಕಾಜಾಕ್ಕೆ ಜಾಗವೇ ಇಲ್ಲದಂತೆ ಮಾಡಿದರು. "ಯಾವಾಗ ಕೊಡ್ತೀರಿ?" ಎಂದು ಮೆತ್ತಗೆ ಕೇಳಿದ ಗಿರಾಕಿಯ ಮೇಲೆ ಎಗರಿಬಿದ್ದರು. ಹೆಂಡತಿ ಬೆಳಗಿನ ತಿಂಡಿಯ ತಟ್ಟೆ ಹಿಡಿದು ಒಬ್ಬಳೇ ಅಡುಗೆಮನೆಯಲ್ಲಿ ಕೂರುವುದನ್ನು ಮಾತ್ರ ಅವರು ನೋಡಲೇ ಇಲ್ಲ.

ಆರು ವಾರ ಕಳೆಯುವ ಹೊತ್ತಿಗೆ ಬ್ಯಾಂಡ್ ತಂಡದವರ ಆರ್ಡರ್ ಬಂತು. ಇಪ್ಪತ್ನಾಲ್ಕು ಮಂದಿಗೆ ಕೆಂಪು ಪಟ್ಟಿಯ ಬಿಳಿ ಪ್ಯಾಂಟು, ಶನಿವಾರ ಸಂಜೆಯ ಕಾರ್ಯಕ್ರಮಕ್ಕೆ. ಮಾಸ್ಟರರ ಮೂವತ್ತು ವರ್ಷದ ಕಸುಬಿನಲ್ಲಿ ಒಂದೇ ಒಂದು ಪ್ಯಾಂಟು ವಾಪಸ್ ಬಂದದ್ದಿಲ್ಲ. ಆ ಹೆಸರು ಕೇಳಿಯೇ ಬ್ಯಾಂಡ್ ಲೀಡರು ಬಂದದ್ದು. ಸ್ಮಾಲ್ ಎಂಟು, ಮೀಡಿಯಂ ಹತ್ತು, ಲಾರ್ಜ್ ಆರು ಎಂದು ಚೀಟಿ ಕೊಟ್ಟು ಹೋದರು.

ಇಂಥ ಗುಂಪು ಆರ್ಡರುಗಳಿಗೆ ಮಾಸ್ಟರರ ಪದ್ಧತಿಯೇ ಬೇರೆ. ಹಳೆಯ ರಟ್ಟಿನ ಅಚ್ಚಿಟ್ಟು ಬಟ್ಟೆ ಕತ್ತರಿಸುವುದು, ಮೊದಲ ಮೀಡಿಯಂ ಪ್ಯಾಂಟು ಹೊಲಿದು ತಾವೇ ತೊಟ್ಟು ನೋಡುವುದು. ಸೊಂಟದೊಳಗೆ ಎರಡು ಬೆರಳು ಹೋದರೆ ಪಾಸು! "ಮೀಡಿಯಂ ಅಂದ್ರೆ ಲೆಕ್ಕದ ಪ್ರಕಾರ ನಾನೇ" ಎಂಬುದು ಅವರ ಹಳೆಯ ಜಂಬ.

ಈ ಸಲ ತೊಟ್ಟರೆ ಎರಡು ಬೆರಳಲ್ಲ, ಇಡೀ ಮುಷ್ಟಿ ಒಳಗೆ ಹೋಯಿತು.

"ದರಿದ್ರ ಬಟ್ಟೆ! ಹಿಗ್ಗಿದೆ ನೋಡೇ!" ಎಂದರು ಮಾಸ್ಟರು.

"ಬಟ್ಟೆ ಹಿಗ್ಗಿದೆಯೋ ನೀವು ಕುಗ್ಗಿದ್ದೀರೋ? ಒಂದ್ಸಲ ಟೇಪು ಹಿಡೀರಿ."

"ಮೂವತ್ತು ವರ್ಷದಿಂದ ಮೂವತ್ತನಾಲ್ಕು ಇಂಚಿನ ಸೊಂಟ! ಇದಕ್ಕೆ ಟೇಪು ಬೇರೆ ಬೇಕಾ? ಹಿಂದಿನ ಹೊಲಿಗೆಯಲ್ಲಿ ಎರಡಿಂಚು ಒಳಗೆ ಹಿಡಿ. ಮೂರೂ ಸೈಜಿಗೂ. ಮಿಕ್ಕ ಬಟ್ಟೆ ಕತ್ತರಿಸಿ ಬಿಸಾಡು!"

ಆಕೆ ಹಿಡಿದಳು. ಗಂಡ ಹೇಳಿದಂತೆ ಎರಡಿಂಚು ಒಳಗೇ ಹಿಡಿದಳು.

ಶನಿವಾರ ಹನ್ನೆರಡಕ್ಕೆ ಇಪ್ಪತ್ನಾಲ್ಕು ಮಂದಿಯೂ ಬಂದರು. ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋದರು. ಮೊದಲು ಒಳಗಿನಿಂದ ಏದುಸಿರು ಕೇಳಿತು. ಆಮೇಲೆ ಡ್ರಮ್ಮಿನವರು ಹೊರಗೆ ಬಂದರು, ಮರಗಾಲು ಕಟ್ಟಿಕೊಂಡವರ ಹಾಗೆ. ಕಹಳೆಯವರ ಹುಕ್ಕು ಟಪ್ಪೆಂದು ಹಾರಿ ಮಾಸ್ಟರರ ಕನ್ನಡಕಕ್ಕೆ ಬಡಿಯಿತು. ಕ್ಲಾರಿನೆಟ್ಟಿನವರು ಕೂರಲು ಹೋಗಿ, ಅರ್ಧದಲ್ಲೇ ಮನಸ್ಸು ಬದಲಾಯಿಸಿ ನಿಂತೇ ಉಳಿದರು.

ಲೀಡರು ತಮ್ಮ ಪ್ಯಾಂಟಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು: "ಮಾಸ್ಟ್ರೇ, ಊದೋಕೆ ಉಸಿರು ಬೇಕು. ಉಸಿರಿಗೆ ಹೊಟ್ಟೆಯಲ್ಲಿ ಜಾಗ ಬೇಕು. ಸಂಜೆ ಐದಕ್ಕೆ ಕಾರ್ಯಕ್ರಮ. ಏನ್ರೀ ಮಾಡೋದು?"

ಹಸಿದ ಹೊಟ್ಟೆ, ಹನ್ನೆರಡೂ ಕಾಲು ಗಂಟೆ. ಮಾಸ್ಟರರ ಪಿತ್ತ ನೆತ್ತಿಗೇರಿತು. "ನನ್ನ ಹೊಲಿಗೆ ಸರಿಯಾಗೇ ಇದೆ! ನೀವೆಲ್ಲ ಒಟ್ಟಿಗೆ ದಪ್ಪ ಆಗಿದ್ದೀರಿ! ನೋಡಿ ಬೇಕಾದ್ರೆ!" ಎಂದು ಮೀಡಿಯಂ ಪ್ಯಾಂಟೊಂದನ್ನು ಕಿತ್ತುಕೊಂಡು ಪರದೆಯ ಹಿಂದೆ ನುಗ್ಗಿದರು. ತೊಟ್ಟು ಬಂದು ಎಲ್ಲರೆದುರು ಒಂದು ಸುತ್ತು ತಿರುಗಿದರು. ಮೈಗೆ ಅಚ್ಚು ಹಾಕಿದ ಹಾಗಿತ್ತು, ಎರಡು ಬೆರಳ ಜಾಗದ ಸಮೇತ.

ಹೆಂಡತಿ ಮೆಷಿನ್ನಿನಿಂದ ಎದ್ದಳು. ಕೊರಳಲ್ಲಿದ್ದ ಟೇಪನ್ನು ಗಂಡನ ಸೊಂಟಕ್ಕೆ ಸುತ್ತಿ, ಎಲ್ಲರಿಗೂ ಕೇಳುವಂತೆ ಓದಿದಳು: "ಮೂವತ್ತೆರಡು."

ಮಾಸ್ಟರು ಇನ್ನೊಮ್ಮೆ ಓದಿಸಿದರು. ಟೇಪು ಹಟ ಹಿಡಿದು ಮೂವತ್ತೆರಡರಲ್ಲೇ ನಿಂತಿತು. ಮೂವತ್ತು ವರ್ಷದ ಹೆಸರು ಎರಡಿಂಚಿನಲ್ಲಿ ಹೋಯಿತಲ್ಲ ಎಂದು ಅವರಿಗೆ ಅಳುವೇ ಬಂದಂತಾಯಿತು. ಸ್ಟೂಲಿನ ಮೇಲೆ ಕುಸಿದು, "ಇಪ್ಪತ್ನಾಲ್ಕು ಪ್ಯಾಂಟು... ಬಟ್ಟೆ ಬೇರೆ ಕತ್ತರಿಸಿ ಬಿಸಾಡಿಯಾಯ್ತು" ಎಂದರು.

"ಯಾರು ಬಿಸಾಡಿದ್ದು?" ಎಂದಳು ಆಕೆ. ಒಂದು ಪ್ಯಾಂಟಿನ ಒಳಮೈ ತಿರುಗಿಸಿ ತೋರಿಸಿದಳು. ಹಿಂದಿನ ಹೊಲಿಗೆಯ ಒಳಗೆ ಎರಡಿಂಚೂ ಮಡಚಿಕೊಂಡು ಕೂತಿತ್ತು. "ಹೊಲಿ ಅಂದ್ರಿ, ಹೊಲಿದೆ. ಕತ್ತರಿ ಹಾಕೋಕೆ ನನಗೇನು ಉಪವಾಸಾನಾ?"

ಬ್ಯಾಂಡಿನವರು ಚಪ್ಪಾಳೆ ಹೊಡೆದರು. ಮಾಸ್ಟರು ಹೊಲಿಗೆ ಬಿಚ್ಚಲು ಬ್ಲೇಡಿಗೆ ಕೈ ಹಾಕಿದರೆ, ಆಕೆ ಕಸಿದುಕೊಂಡಳು.

"ಮೊದಲು ಊಟ."

"ಇನ್ನೂ ಮುಕ್ಕಾಲು ಗಂಟೆ ಇದೆ ಕಣೇ..."

"ಕೈ ನಡುಗ್ತಾ ಇದೆ, ಬ್ಲೇಡು ಹಿಡೀತಾರಂತೆ! ಆರು ವಾರದಿಂದ ಒಬ್ಬಳೇ ತಿಂಡಿ ತಿಂದು ಸಾಕಾಗಿದೆ. ಏಳ್ರೀ!"

ಮಾಸ್ಟರರಿಗೆ ಈ ಮಾತು ಹುಕ್ಕಿಗಿಂತ ಜೋರಾಗಿ ತಾಕಿತು. ತೆಪ್ಪಗೆ ಎದ್ದು ಒಳಗೆ ಹೋದರು. ಎರಡು ಸಲ ಬಡಿಸಿಕೊಂಡು ತಿಂದು ಬಂದ ಮೇಲೆ ಬೆರಳುಗಳು ಮತ್ತೆ ಹೇಳಿದ ಮಾತು ಕೇಳತೊಡಗಿದವು. ಡ್ರಮ್ಮಿನವರೂ ಕಹಳೆಯವರೂ ಸಾಲಾಗಿ ಕೂತು ದಾರ ಬಿಚ್ಚಿದರು, ಗಂಡ ಹೆಂಡತಿ ಎರಡು ಮೆಷಿನ್ ಓಡಿಸಿದರು. ನಾಲ್ಕೂವರೆಗೆ ಕೊನೆಯ ಪ್ಯಾಂಟೂ ತಯಾರಾಯಿತು. ಕಹಳೆಯವರು ಅದನ್ನು ತೊಟ್ಟು ಎದೆ ತುಂಬ ಉಸಿರೆಳೆದು ಊದಿದ ರಭಸಕ್ಕೆ ಎದುರು ಮಹಡಿಯ ಕಿಟಕಿಗಳು ತೆರೆದವು. ಹುಕ್ಕು ಜಾಗ ಬಿಟ್ಟು ಕದಲಲಿಲ್ಲ.

"ಹೊಸ ಕೋಟುಗಳನ್ನೂ ನಿಮ್ಮ ಹತ್ರವೇ ಹೊಲಿಸ್ತೀವಿ" ಎಂದರು ಲೀಡರು ಹೊರಡುತ್ತಾ. "ಆದರೆ ಒಂದು ಷರತ್ತು."

"ಗೊತ್ತಾಯ್ತು, ಗೊತ್ತಾಯ್ತು" ಎಂದರು ಮಾಸ್ಟರು ತಲೆ ತಗ್ಗಿಸಿ. "ಒಬ್ಬೊಬ್ಬರದೂ ಟೇಪು ಹಿಡಿದೇ ಅಳತೆ ತಗೋತೀನಿ."

"ಅದು ಹೇಗೂ ಇದ್ದದ್ದೇ. ಅಳತೆಗೆ ನಮ್ಮ ಕಚೇರಿಗೆ ಬರೋವಾಗ, ನೀವು ಊಟ ಮಾಡಿದ್ದೀರಿ ಅಂತ ಅಕ್ಕನ ಕೈಯಲ್ಲಿ ಒಂದು ಚೀಟಿ ಬರೆಸ್ಕೊಂಡು ಬನ್ನಿ."

ಎಲ್ಲರೂ ಗೊಳ್ಳೆಂದು ನಕ್ಕರು. ತಮಾಷೆಗೆ ಹೇಳಿದ್ದು ಎಂದುಕೊಂಡು ಮಾಸ್ಟರೂ ನಕ್ಕರು. ಆದರೆ ಹತ್ತು ದಿನದ ನಂತರ ಅವರು ಟೇಪು, ಪುಸ್ತಕ ಹಿಡಿದು ಬ್ಯಾಂಡ್ ಕಚೇರಿಗೆ ಹೊರಟಾಗ, ಹೆಂಡತಿ ನಿಜಕ್ಕೂ ಒಂದು ಚೀಟಿ ಬರೆದು ಜೇಬಿಗೆ ತುರುಕಿದಳು. ಲೀಡರು ಅದನ್ನು ಬಿಡಿಸಿ ಉಳಿದ ಇಪ್ಪತ್ಮೂರು ಮಂದಿಗೂ ಕೇಳುವಂತೆ ಓದಿದರು:

"ಊಟ ಮಾಡಿದ್ದಾರೆ. ಆದರೂ ಟೇಪನ್ನು ನೀವೇ ಹಿಡಿದುಕೊಳ್ಳಿ."