ಪೂಜೆಯಾದ ಪೆಡಲಿನ ಮೇಲೆ ಕಾಲಿಡುವಂತಿಲ್ಲ

ಮನೆಯಲ್ಲೇ ಜೋಡಿಸಿಕೊಳ್ಳುವ ರಟ್ಟಿನ ಸ್ಟೇರಿಂಗ್ ಯೋಜನೆಯು ನಮ್ಮ ಜಿಲ್ಲೆಯ ಕುಟುಂಬಗಳಲ್ಲಿ ಶೇಕಡಾ ಐವತ್ತರಷ್ಟು ಯಶಸ್ವಿಯಾಗಿದೆ. ಪ್ರಯೋಗಕ್ಕೆ ಆಯ್ಕೆಯಾದ ಕುಟುಂಬಗಳು ಒಟ್ಟು ಎರಡು. ತುಮಕೂರಿನ ಕೌಟುಂಬಿಕ ವಿನೋದ ಘಟಕದಲ್ಲಿ ವಿಷಯ ನಿರ್ವಾಹಕನಾಗಿರುವ ರೇಣುಕಾಪ್ರಸಾದ್ ಎಂಬ ನಾನು ಎರಡೂ ಮನೆಗೆ ಖುದ್ದಾಗಿ ಹೋಗಿ ಬಂದಿರುವುದರಿಂದ ಈ ಅಂಕಿಅಂಶದಲ್ಲಿ ತಪ್ಪಿರುವ ಸಂಭವವಿಲ್ಲ.

ಯೋಜನೆ ಸರಳವಾಗಿತ್ತು. ಒಂದೇ ಮನೆಯವರು ಮೂಲೆಗೊಬ್ಬರಂತೆ ಮೊಬೈಲ್ ಹಿಡಿದು ಕೂತಿರುವುದನ್ನು ಮೇಲಿನವರು ಗಮನಿಸಿ ಮನನೊಂದಿದ್ದರು. ಎಲ್ಲರೂ ಒಟ್ಟಿಗೆ ಕೂತು ರಟ್ಟು ಮಡಚಿ, ಸ್ಟೇರಿಂಗ್ ಮತ್ತು ಪೆಡಲ್ ಮಾಡಿ, ಅದರೊಳಗೆ ವಿಡಿಯೋ ಗೇಮಿನ ರಿಮೋಟ್ ಸಿಕ್ಕಿಸಿದರೆ ಟಿವಿಯಲ್ಲಿ ಕಾರು ಓಡುತ್ತದೆ. ಸತ್ಯಮಂಗಲದ ಒಂದು ಕಾರ್ಖಾನೆ ರಟ್ಟು ಕತ್ತರಿಸಿ ಕೊಟ್ಟಿತು. ಗೇಮಿನ ಯಂತ್ರವನ್ನು ಮನೆಗೊಂದರಂತೆ ಕೊಟ್ಟೆವು. ಮೂರು ತಿಂಗಳ ಬಳಿಕ ಯಶಸ್ವಿ ಎಂದು ಘೋಷಿತವಾದ ಕುಟುಂಬ ಯಂತ್ರವನ್ನು ಇಟ್ಟುಕೊಳ್ಳಬಹುದು, ವಿಫಲವಾದವರು ಹಿಂದಿರುಗಿಸಬೇಕು. ಯಶಸ್ವಿ ಎಂದರೇನು ಎಂಬುದನ್ನು ಆಮೇಲೆ ನಿರ್ಧರಿಸುವುದೆಂದು ತೀರ್ಮಾನವಾಗಿತ್ತು.

ಗುಬ್ಬಿಯ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯನವರ ಮನೆಗೆ ಪೆಟ್ಟಿಗೆ ತಲುಪಿದ್ದು ಆಯುಧ ಪೂಜೆಯ ಹಿಂದಿನ ದಿನ. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿರುವ ಮಗ ಸಂಗಮೇಶ್ ರಜೆಯಲ್ಲಿದ್ದ. ಅಪ್ಪ ಮಗ ಕೂತು ಒಂದೇ ಸಂಜೆಗೆ ಮಡಚಿ ಮುಗಿಸಿದರು. ಮರುದಿನ ಸದಾಶಿವಯ್ಯನವರ ಹೆಂಡತಿ ಸರ್ವಮಂಗಳಮ್ಮನವರು ಸ್ಕೂಟರ್, ತಕ್ಕಡಿ, ಮಿಕ್ಸಿ, ಮಚ್ಚುಗಳ ಸಾಲಿನಲ್ಲಿ ಇದನ್ನೂ ಇಟ್ಟು, ಸ್ಟೇರಿಂಗಿಗೆ ಹೂವಿನ ಹಾರ ಹಾಕಿ, ಪೆಡಲಿಗೆ ವಿಭೂತಿ ಬಳಿದು ಕುಂಕುಮವಿಟ್ಟರು. ಮಂಗಳಾರತಿ ಆಯಿತು. ಸಂಗಮೇಶ್ ಟಿವಿ ಹಾಕಿ, ಪೆಡಲಿನ ಮೇಲೆ ಕಾಲಿಡಲು ಹೋದ.

"ಏನ್ಲಾ ಅದು! ಪೂಜೆ ಆಗಿರೋದ್ರ ಮೇಲೆ ಕಾಲಿಕ್ತೀಯಾ?" ಎಂದು ತಾಯಿ ಗದರಿದರು.

ಅಂದು ಹಿಂತೆಗೆದ ಕಾಲನ್ನು ಅವನು ಮತ್ತೆ ಮುಂದಿಟ್ಟಿಲ್ಲ. ಮೊದಲ ತಪಾಸಣೆಗೆ ಹೋದಾಗ ನಾನು ಸರ್ವಮಂಗಳಮ್ಮನವರಿಗೆ ತಿಳಿಹೇಳಲು ಪ್ರಯತ್ನಿಸಿದೆ.

"ಕಾರಿಗೂ ಪೂಜೆ ಮಾಡ್ತೀವಲ್ಲಮ್ಮ. ಆಮೇಲೆ ಬ್ರೇಕ್ ತುಳಿಯಲ್ವಾ?"

"ಕಾರಿಗೆ ಬಾನೆಟ್ ಮೇಲೆ ಕುಂಕುಮ ಇಡ್ತೀವಿ ಕಣಪ್ಪ. ಇದ್ಕೆ ಬಾನೆಟ್ ಎಲ್ ಕೊಟ್ಟಿದೀರ? ಅದ್ಕೇ ಪೆಡ್ಲಿಗೇ ಇಟ್ಬುಟ್ಟೆ."

ಪೆಟ್ಟಿಗೆಯಲ್ಲಿ ಬಾನೆಟ್ ಇರಲಿಲ್ಲ ಎಂಬುದು ನಿಜ. ತಪ್ಪು ಇಲಾಖೆಯದ್ದಾದ್ದರಿಂದ ಕಡತ ಮಂಡಿಸಿದೆ. ನಮ್ಮ ಉಪನಿರ್ದೇಶಕರಾದ ಷಡಕ್ಷರಿ ಸಾಹೇಬರು ಹತ್ತೊಂಬತ್ತು ದಿನ ಕೂಲಂಕಷವಾಗಿ ಪರಿಶೀಲಿಸಿ ಸುತ್ತೋಲೆ ಹೊರಡಿಸಿದರು:

"ಪೂಜೆಗೆ ಒಳಪಟ್ಟ ಪೆಡಲನ್ನು ಕುಟುಂಬದ ಯಾವುದೇ ಸದಸ್ಯರು ಕಾಲಿನಿಂದ ತುಳಿಯತಕ್ಕದ್ದಲ್ಲ. ಕೈಯಿಂದ ಒತ್ತಬಹುದು. ಸ್ಟೇರಿಂಗ್ ಹಿಡಿದಿರುವ ಕಾರಣ ಕೈ ಬಿಡುವಿಲ್ಲದಿದ್ದಲ್ಲಿ, ಒತ್ತಲಾಗಿದೆ ಎಂದೇ ಭಾವಿಸತಕ್ಕದ್ದು."

ಸದಾಶಿವಯ್ಯನವರು ಸುತ್ತೋಲೆಯನ್ನು ಕಣ್ಣಿಗೊತ್ತಿಕೊಂಡು, ಸ್ಟೇರಿಂಗಿನ ಪಕ್ಕದಲ್ಲೇ ಇಟ್ಟರು.

ಕುಣಿಗಲಿನಲ್ಲಿ ಪರಿಸ್ಥಿತಿ ಚಿಂತಾಜನಕವಾಗಿತ್ತು. ಬೈಕಿನ ಸೀಟ್ ಕವರ್ ಹೊಲಿಯುವ ದಸ್ತಗೀರ್ ಸಾಬ್ ಅವರ ಮನೆಯವರು ಆಟ ಆಡುತ್ತಿದ್ದರು. ಏಳನೇ ಕ್ಲಾಸಿನ ಮೊಮ್ಮಗಳು ಫಾಯಿಜಾ ಪೆಟ್ಟಿಗೆಯಲ್ಲಿದ್ದ ಸೂಚನಾ ಪುಸ್ತಕ ನೋಡಿ ಒಂದೊಂದೇ ಮಡಿಕೆಯನ್ನು ತಾನೇ ಮಡಚಿದ್ದಳು. ನಾನು ಹೋದಾಗ ಅವಳ ಅಜ್ಜಿ ಹಜರಾ ಬೀ ಕಾರನ್ನು ನಾಲ್ಕನೇ ಸಲ ಕೆರೆಗೆ ಇಳಿಸಿ, ನಗು ತಡೆಯಲಾರದೆ ಗೋಡೆಗೆ ಒರಗಿದ್ದರು.

"ನೋಡಿ ಸಾರ್, ನಲವತ್ತು ವರ್ಷದಿಂದ ನನ್ ಗಾಡಿ ಹಿಂದೆ ಕೂತ್ಕೊಂಡು ಹಿಂಗ್ ಓಡ್ಸಿ, ಹಂಗ್ ಓಡ್ಸಿ ಅಂತ ಹೇಳಿರೋ ಮನುಷ್ಯಳು ಇವ್ಳು" ಎಂದರು ದಸ್ತಗೀರ್ ಸಾಬ್.

"ನಾನ್ ಹೇಳ್ದೆ ಹೋಗಿದ್ರೆ ನೀವೂ ಕೆರೇಲೇ ಇರ್ತಿದ್ರಿ" ಎಂದು ಹಜರಾ ಬೀ ಮತ್ತೆ ನಕ್ಕರು.

ತುಳಿದು ತುಳಿದು ಪೆಡಲಿನ ಮಡಿಕೆ ಎರಡನೇ ತಿಂಗಳಲ್ಲೇ ಹರಿಯಿತು. ಫಾಯಿಜಾ ತಾತನ ಅಂಗಡಿಯಿಂದ ರೆಕ್ಸಿನ್ ಚೂರು ತಂದು ಅಂಟಿಸಿ, ಹೊಲಿದು, ಮುಂಚೆಗಿಂತ ಗಟ್ಟಿ ಮಾಡಿದಳು. ಅಕ್ಕಪಕ್ಕದವರು ಸರದಿಯಲ್ಲಿ ನಿಂತು ಆಡಿದರು.

"ಅಂಕಲ್, ಮೆಷಿನ್ ನಮ್ಗೇ ಉಳಿಯುತ್ತಲ್ವಾ?" ಎಂದು ಅವಳು ಕೇಳಿದಳು.

"ವರದಿ ಹೋಗ್ಬೇಕಮ್ಮ" ಎಂದೆ. ಉಳಿಯಲಿ ಎಂದು ನಾನು ಮನಸಾರೆ ಬಯಸಿದ್ದು ಸತ್ಯ. ಬಯಸುವುದು ನನ್ನ ಕರ್ತವ್ಯದ ವ್ಯಾಪ್ತಿಗೆ ಬರುವುದಿಲ್ಲ.

ಮೂರು ತಿಂಗಳು ತುಂಬಿದ ಮೇಲೆ ಯಶಸ್ಸನ್ನು ನಿರ್ಧರಿಸಲು ಸಭೆ ಸೇರಿತು. ಕುಣಿಗಲಿನ ಮನೆಯವರು ತುಂಬಾ ನಕ್ಕಿದ್ದಾರೆ ಎಂದು ನಾನು ನಿವೇದಿಸಿದೆ.

"ನಕ್ಕಿದ್ದಕ್ಕೆ ದಾಖಲೆ ಏನ್ರೀ?" ಎಂದರು ಸಾಹೇಬರು.

"ನಾನೇ ನೋಡ್ದೆ ಸಾರ್."

"ನೀವು ದಾಖಲೆ ಅಲ್ಲ ಕಣ್ರೀ, ನೌಕರ. ಈಗ ನಮ್ಮ ಆಫೀಸ್ ಬೀರು ಇದೆ. ವರ್ಷಕ್ಕೊಂದ್ಸಲ ನೋಡ್ತೀವಿ. ತಂದಾಗ ಹೆಂಗಿತ್ತೋ ಹಂಗೇ ಇದ್ರೆ ಸುಸ್ಥಿತಿ ಅಂತ ಬರೀತೀವಿ. ಸುಸ್ಥಿತೀಲಿದ್ರೆ ಯಶಸ್ವಿ. ಇದೂ ಅಷ್ಟೇ."

ಇಷ್ಟು ಸ್ಪಷ್ಟವಾದ ಮಾತು ನಮಗೆ ಮೂರು ತಿಂಗಳಿಂದ ಹೊಳೆದಿರಲಿಲ್ಲವಲ್ಲ ಎಂದು ಸಭೆ ನಾಚಿಕೊಂಡಿತು. ಅದರಂತೆ ಕೊನೆಯ ತಪಾಸಣೆ ನಡೆಸಿದೆ. ಗುಬ್ಬಿಯ ಸ್ಟೇರಿಂಗ್ ಎಲ್ಲೂ ಸುಕ್ಕಾಗಿರಲಿಲ್ಲ. ರಿಮೋಟಿನ ಪ್ಲಾಸ್ಟಿಕ್ ಕವರ್ ಕೂಡ ಹಾಗೇ ಇತ್ತು. ನೂರಕ್ಕೆ ನೂರು ಅಂಕ. ಕುಣಿಗಲಿನಲ್ಲಿ ಮೂಲ ರಟ್ಟು ಶೇಕಡಾ ನಲವತ್ತೊಂದು ಮಾತ್ರ ಉಳಿದಿತ್ತು, ಮಿಕ್ಕಿದ್ದು ಅನಧಿಕೃತ ರೆಕ್ಸಿನ್. ಷರಾ: 'ಅತಿಯಾದ ಬಳಕೆಯಿಂದ ವಿಫಲ.'

ತುಮಕೂರಿನ ಸಮಾರಂಭದಲ್ಲಿ ಸದಾಶಿವಯ್ಯನವರಿಗೆ ಶಾಲು ಹೊದಿಸಿ ಯಂತ್ರವನ್ನು ಶಾಶ್ವತವಾಗಿ ಹಸ್ತಾಂತರಿಸಲಾಯಿತು. ಸಂಗಮೇಶ್ ಅಪ್ಪನ ಹತ್ತಿರ ಸರಿದು ಮೆಲ್ಲಗೆ ಕೇಳಿದ.

"ಇನ್ಮೇಲಾದ್ರೂ ಒಂದ್ಸಲ ಆಡ್ಲಾ ಅಪ್ಪಾಜಿ?"

"ಗೆದ್ದಾಯ್ತಲ್ಲೋ, ಇನ್ನೇನ್ ಆಡೋದು!"

ಯಂತ್ರ ವಾಪಸ್ ತರಲು ಕುಣಿಗಲಿಗೆ ನಾನೇ ಹೋದೆ. ಫಾಯಿಜಾ ಅದನ್ನು ಒರೆಸಿ, ವೈರ್ ಸುತ್ತಿ, ಬಾಗಿಲ ಬಳಿ ಇಟ್ಟಿದ್ದಳು. ಹಿಂದಿರುಗಿಸಿದ್ದಕ್ಕೆ ಎರಡು ಪ್ರತಿಯಲ್ಲಿ ಸಹಿ ಪಡೆದೆ.

"ಗುಬ್ಬಿಯವ್ರು ಎಷ್ಟು ರೇಸ್ ಗೆದ್ರು ಅಂಕಲ್?"

"ಒಂದೂ ಆಡಿಲ್ಲಮ್ಮ."

ಅವಳು ಅಳಲಿಲ್ಲ, ಜಗಳ ಮಾಡಲಿಲ್ಲ. ಲೆಕ್ಕದ ಮೇಷ್ಟ್ರು ಹೇಳಿದ್ದು ಅರ್ಥವಾದಾಗ ಮಾಡುವಂತೆ ತಲೆ ಆಡಿಸಿದಳು. ಎರಡನೇ ಹಂತದ ಹೊಸ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟೆ. ಈ ಸಲ ರಟ್ಟಿನ ಹಾರ್ಮೋನಿಯಂ. ಯಂತ್ರವನ್ನು ಮೊದಲೇ ಕೊಡುವುದಿಲ್ಲ, ಯಶಸ್ವಿಯಾದವರಿಗೆ ಕೊನೆಯಲ್ಲಿ ಕೊಡುತ್ತೇವೆ ಎಂದು ನಿಯಮ ವಿವರಿಸಿದೆ. ಅವಳು ಮುಚ್ಚಳದ ಮೇಲೆ ಅಚ್ಚಾಗಿದ್ದ ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳ ಮೇಲೆ ಸ್ವಲ್ಪ ಹೊತ್ತು ಬೆರಳಾಡಿಸಿದಳು. ಆಮೇಲೆ ತಾತನಿಗೆ ಸ್ಟೂಲ್ ತರಲು ಹೇಳಿದಳು.

"ಈ ಸಲ ಬಿಚ್ಚೋದೇ ಇಲ್ಲ ಅಂಕಲ್. ಗೆಲ್ತೀವಿ."

ದಸ್ತಗೀರ್ ಸಾಬ್ ಸ್ಟೂಲ್ ಅಲುಗದಂತೆ ಹಿಡಿದರು. ಹಜರಾ ಬೀ ಪೆಟ್ಟಿಗೆ ಎತ್ತಿ ಕೊಟ್ಟರು. ಫಾಯಿಜಾ ಅದನ್ನು ಅಟ್ಟದ ಮೇಲೆ, ತನ್ನ ಕೈಗೂ ಎಟುಕದಷ್ಟು ಹಿಂದಕ್ಕೆ ಕೋಲಿನಿಂದ ತಳ್ಳಿದಳು. ಮೂವರೂ ಕೆಳಗೆ ನಿಂತು, ಕತ್ತೆತ್ತಿ, ಸರಿಯಾಗಿದೆಯೇ ಎಂದು ನೋಡಿದರು. ನಾನು ತಪಾಸಣಾ ನಮೂನೆ ತೆಗೆದು, 'ಇಡೀ ಕುಟುಂಬ ಒಟ್ಟಾಗಿ ಪಾಲ್ಗೊಂಡಿದೆಯೇ?' ಎಂಬ ಪ್ರಶ್ನೆಯ ಮುಂದೆ 'ಹೌದು, ಅತ್ಯುತ್ತಮ' ಎಂದು ಬರೆದು ಸಹಿ ಹಾಕಿದೆ.